ಮಾವನ ದುಡ್ಡು, ಸೊಸೈಟಿ ಡಿಪಾಸಿಟ್ ಮತ್ತು 28 ದಿನದ ಲೆಕ್ಕ

ಪ್ರಶ್ನೆ: ನಮ್ಮದು ಕಾರ್ಕಳ ತಾಲೂಕು. ಮಗಳು ಬಿ.ಇ. ಮುಗಿಸಿ ಎರಡು ವರ್ಷ ಮಂಗಳೂರಿನ ಕಂಪೆನಿಯೊಂದರಲ್ಲಿ ಕೆಲಸ ಮಾಡಿದ್ದಾಳೆ. ಕಳೆದ ವರ್ಷ ಕೆನಡಾಕ್ಕೆ ಅರ್ಜಿ ಹಾಕಿದ್ದೆವು, ವೀಸಾ ರಿಜೆಕ್ಟ್ ಆಯಿತು. ಈಗ ಇಂಗ್ಲೆಂಡಿನಲ್ಲಿ, ಲಂಡನ್ನಿನ ಹೊರಗೆ, ಒಂದು ವರ್ಷದ ಎಂ.ಎಸ್ಸಿ. ಸೀಟು ಸಿಕ್ಕಿದೆ. ಫೀಸು 18,500 ಪೌಂಡ್, ಅದರಲ್ಲಿ 5,000 ಕಟ್ಟಿದ್ದೇವೆ. ಸೆಪ್ಟೆಂಬರಿನಲ್ಲಿ ಕ್ಲಾಸು ಶುರು. ಯಜಮಾನರು ಗಲ್ಫಿನಿಂದ ಬಂದು ತೋಟ ನೋಡಿಕೊಳ್ಳುತ್ತಿದ್ದಾರೆ. ಊರಿನ ಸೊಸೈಟಿಯಲ್ಲಿ ಅವರ ಹೆಸರಲ್ಲಿ 14 ಲಕ್ಷ ಡಿಪಾಸಿಟ್ ಉಂಟು. ಮುಂಬೈಯಲ್ಲಿ ಹೋಟೆಲ್ ಇಟ್ಟಿರುವ ನನ್ನ ಅಣ್ಣ 15 ಲಕ್ಷ ಕೊಡುತ್ತೇನೆ ಅಂದಿದ್ದಾನೆ. ಏಜೆಂಟರು, "ಇದೆಲ್ಲ ತಲೆಬಿಸಿ ಬೇಡ, ನಾವೇ 30 ಲಕ್ಷ ಹಾಕಿಸಿ 28 ದಿನ ಇಡಿಸುತ್ತೇವೆ, ಒಂದೂವರೆ ಪರ್ಸೆಂಟ್ ಕೊಟ್ಟರೆ ಸಾಕು. ಕೆನಡಾದ ವಿಷಯ ಬರೆಯಲೇಬೇಡಿ" ಅನ್ನುತ್ತಾರೆ. ಅಣ್ಣನ ಅಕೌಂಟನ್ನೇ ತೋರಿಸಬಹುದಾ? ಇನ್ನೊಮ್ಮೆ ರಿಜೆಕ್ಟ್ ಆದರೆ ಹುಡುಗಿಯ ಪಾಸ್‌ಪೋರ್ಟ್ ಹಾಳಾಗುತ್ತದಾ? ಎಂತ ಮಾಡುವುದು ಹೇಳಿ ಮಾರಾಯ್ರೆ.

ಉತ್ತರ:

ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮಗೆ ನಿಜವಾಗಿ ಇರುವ ಚಿಂತೆ ದುಡ್ಡಿನದ್ದಲ್ಲ. ದುಡ್ಡು ಹೆಚ್ಚುಕಡಿಮೆ ಇದೆ. ಇರುವ ದುಡ್ಡನ್ನು ತೋರಿಸುವುದು ಹೇಗೆ ಅಂತ ಗೊತ್ತಾಗದೆ, ಇಲ್ಲದ ದುಡ್ಡನ್ನು ತೋರಿಸಲು ಹೊರಟಿದ್ದೀರಿ. ಮೊದಲು ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಟೇಬಲ್ಲಿನಲ್ಲಿ ಕೂತಿದ್ದಾಗಲೂ, ಈಗ ಮಂಗಳೂರಿನಲ್ಲಿ ಮಕ್ಕಳ ವೀಸಾ ಫೈಲ್ ನೋಡಿಕೊಡುವಾಗಲೂ ಇದನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ. ಒಳ್ಳೆಯ ಮನೆಯ ಫೈಲು ಸುಳ್ಳು ಕಾಗದದಿಂದ ಹಾಳಾಗುತ್ತದೆ.

ಮೊದಲು ಕೆನಡಾದ ಭಯ ಬಿಡಿಸುತ್ತೇನೆ. ಒಂದು ವೀಸಾ ರಿಜೆಕ್ಟ್ ಆದರೆ ಪಾಸ್‌ಪೋರ್ಟ್ ಹಾಳಾಗುವುದಿಲ್ಲ. ಒಂದು ದೇಶ ಬೇಡ ಅಂದಿತು ಅಂತ ಇನ್ನೊಂದು ದೇಶ ಬೇಡ ಅನ್ನಬೇಕೆಂದೂ ಇಲ್ಲ. ಕೆನಡಾದ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಎರಡು ಮಾತು. ಓದು ಮುಗಿದ ಮೇಲೆ ದೇಶ ಬಿಟ್ಟು ಹೋಗುತ್ತೀರಿ ಎಂದು ನಂಬಿಕೆ ಬರಲಿಲ್ಲ, ಅಥವಾ ನಿಮ್ಮ ಆಸ್ತಿ-ಆದಾಯ ನೋಡಿ ಸಮಾಧಾನ ಆಗಲಿಲ್ಲ. ಇವು ಅಪರಾಧಗಳಲ್ಲ.

ನಮ್ಮ ಕಡೆಯ ತೋಟದವರ ಫೈಲುಗಳಲ್ಲಿ ಎರಡನೇ ಮಾತು ಯಾಕೆ ಬರುತ್ತದೆ ಅಂತ ಹೇಳಬೇಕು, ನಿಮಗೂ ಉಪಯೋಗಕ್ಕೆ ಬರುತ್ತದೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಐಟಿ ರಿಟರ್ನ್ ಹಾಕುವುದೇ ಇಲ್ಲ. ಹಾಕಿದರೂ ಬಡ್ಡಿಯದ್ದೋ ಬಾಡಿಗೆಯದ್ದೋ ಸಣ್ಣ ಮೊತ್ತ ತೋರಿಸಿರುತ್ತಾರೆ. ಅಡಿಕೆ ಮಾರಿದ ದುಡ್ಡು ಒಂದಷ್ಟು ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಮೂಲಕ ಬ್ಯಾಂಕಿಗೆ ಬಂದಿರುತ್ತದೆ, ಒಂದಷ್ಟು ಅಂಗಡಿಯವರಿಂದ ಕೈಗೆ ಬಂದಿರುತ್ತದೆ. ಇದನ್ನು ನೋಡುವ ಅಧಿಕಾರಿ ದೂರದಲ್ಲಿ ಎಲ್ಲೋ ಕೂತಿರುತ್ತಾರೆ. ಅವರಿಗೆ ಅಡಿಕೆ ಗೊತ್ತಿಲ್ಲ, ಹಣ್ಣಡಿಕೆ ಸುಲಿದು ಒಣಗಿಸಿ ಒಳ್ಳೆ ರೇಟು ಬರುವವರೆಗೆ ಅಟ್ಟದಲ್ಲಿ ಇಡುವುದು ಗೊತ್ತಿಲ್ಲ. ಅವರಿಗೆ ಕಾಣುವುದು ಇಷ್ಟೇ: ವರ್ಷದ ಆದಾಯ ಮೂರು ಲಕ್ಷ, ಬ್ಯಾಂಕಿನಲ್ಲಿ ಇಪ್ಪತ್ತು ಲಕ್ಷ. ಲೆಕ್ಕ ಕೂಡಿ ಬರುವುದಿಲ್ಲ. ನಿಮ್ಮ ಕೆನಡಾ ಫೈಲಿನಲ್ಲಿ ಪಹಣಿ, ಅಡಿಕೆ ಮಾರಿದ ಬಿಲ್ಲುಗಳು, ಯಜಮಾನರ ಗಲ್ಫ್ ಸಂಬಳ ಬರುತ್ತಿದ್ದ ಹಳೆಯ ಎನ್‌ಆರ್‌ಇ ಖಾತೆಯ ಸ್ಟೇಟ್‌ಮೆಂಟ್ ಇತ್ತಾ? ಏಜೆಂಟರ ಹತ್ತಿರ ಕೇಳಿ ನೋಡಿ.

ಇನ್ನು ಕೆನಡಾದ ವಿಷಯ ಮುಚ್ಚಿಡುವ ಮಾತು. ಇದೊಂದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವವನಲ್ಲ. ಬ್ರಿಟನ್ನಿನ ಅರ್ಜಿಯಲ್ಲಿ ನೇರ ಪ್ರಶ್ನೆ ಇದೆ: ಯಾವುದಾದರೂ ದೇಶ ನಿಮಗೆ ವೀಸಾ ನಿರಾಕರಿಸಿದೆಯಾ? ಬ್ರಿಟನ್, ಕೆನಡಾ, ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್ – ಈ ಐದು ದೇಶಗಳು ವಲಸೆ ವಿಷಯದ ಮಾಹಿತಿ ಹಂಚಿಕೊಳ್ಳುತ್ತವೆ. ನಿಮ್ಮ ಮಗಳು ಕೆನಡಾಕ್ಕೆ ಬೆರಳಚ್ಚು ಕೊಟ್ಟಿದ್ದಾಳೆ. ಈಗ ಬ್ರಿಟನ್ನಿಗೂ ಅದೇ ಬೆರಳಚ್ಚು ಕೊಡುತ್ತಾಳೆ. 'ಇಲ್ಲ' ಅಂತ ಬರೆದು ಸಿಕ್ಕಿಬಿದ್ದರೆ ಅದು ಬರೀ ರಿಜೆಕ್ಟ್ ಅಲ್ಲ. ಮೋಸ ಎಂದು ದಾಖಲಾಗುತ್ತದೆ. ಆಮೇಲೆ 10 ವರ್ಷ ಬ್ರಿಟನ್ನಿನ ಬಾಗಿಲು ಮುಚ್ಚಬಹುದು. ಕೆನಡಾದಲ್ಲೂ ಸುಳ್ಳು ಮಾಹಿತಿಗೆ 5 ವರ್ಷದ ನಿಷೇಧ ಇದೆ. 'ಹೌದು' ಅಂತ ಬರೆದರೆ ಆಗುವುದು ಇಷ್ಟೇ: ಯಾಕೆ ಅಂತ ಕೇಳುತ್ತಾರೆ. ಹೇಳಿದರಾಯಿತು. ಸಹಿ ಮಗಳದ್ದು, ಏಜೆಂಟರದ್ದಲ್ಲ. ಹತ್ತು ವರ್ಷ ಹೋಗುವುದೂ ಅವಳದ್ದೇ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಬ್ರಿಟನ್ನಿನ ನಿಯಮ ಹೀಗೆ. ಮೊದಲ ವರ್ಷದ ಫೀಸಿನಲ್ಲಿ ಕಟ್ಟದೆ ಉಳಿದದ್ದು, ಜೊತೆಗೆ ಊಟ-ವಸತಿಗೆ ಗರಿಷ್ಠ 9 ತಿಂಗಳ ಖರ್ಚು ತೋರಿಸಬೇಕು. 2025ರ ನವೆಂಬರ್ 11ರಿಂದ ಲಂಡನ್ನಿನ ಹೊರಗೆ ಇದು ತಿಂಗಳಿಗೆ 1,171 ಪೌಂಡ್, ಲಂಡನ್ನಿನಲ್ಲಿ 1,529. ನಿಮ್ಮ ಮಗಳಿಗೆ ಬಾಕಿ ಫೀಸು 13,500, ಖರ್ಚಿಗೆ 10,539, ಒಟ್ಟು 24,039 ಪೌಂಡ್. ಪೌಂಡಿಗೆ 120 ರೂಪಾಯಿ ಹಿಡಿದರೆ 28 ಲಕ್ಷದ 85 ಸಾವಿರ. ನಿಮ್ಮ 14, ಅಣ್ಣನ 15, ಸೇರಿ 29. ಸರಿ ಆಯಿತು ಅನ್ನಿಸುತ್ತದೆ ಅಲ್ವಾ? ಪೌಂಡ್ ಒಂದು ರೂಪಾಯಿ ಏರಿ 121 ಆಗಲಿ, ಬೇಕಾಗುವುದು 29 ಲಕ್ಷದ 8 ಸಾವಿರ. ಅಲ್ಲಿಗೆ ಫೈಲು ಬಿತ್ತು. ಅರ್ಜಿ ಹಾಕುವ ದಿನದ ರೇಟನ್ನೇ ಅವರು ಹಿಡಿಯುತ್ತಾರೆ. ಹಾಗಾಗಿ ಒಂದೂವರೆ ಎರಡು ಲಕ್ಷವಾದರೂ ಜಾಸ್ತಿ ಇರಲಿ.

ಈ ದುಡ್ಡು 28 ದಿನ ಸತತವಾಗಿ ಖಾತೆಯಲ್ಲಿ ಇರಬೇಕು. ಒಂದೇ ಒಂದು ದಿನ ಕೂಡ ಕಡಿಮೆ ಆಗಬಾರದು. ಆ 28ನೇ ದಿನ, ಅರ್ಜಿ ಹಾಕುವ ದಿನದಿಂದ ಹಿಂದಕ್ಕೆ 31 ದಿನದೊಳಗೆ ಬರಬೇಕು. ತುಂಬ ಜನ ಎಡವುವುದು ಎಲ್ಲಿ ಗೊತ್ತಾ? ವೀಸಾ ಫೀಸು ಮತ್ತು ಆರೋಗ್ಯದ ಸರ್‌ಚಾರ್ಜ್ ಬೇರೆಯೇ ಕಟ್ಟಬೇಕು. 2025ರ ಏಪ್ರಿಲ್ ರೇಟಿನಲ್ಲಿ ವೀಸಾ ಫೀಸು 524 ಪೌಂಡ್ ಇತ್ತು. ಸರ್‌ಚಾರ್ಜ್ ವರ್ಷಕ್ಕೆ 776. ಒಂದು ವರ್ಷದ ಎಂ.ಎಸ್ಸಿ.ಗೆ ವೀಸಾ ವರ್ಷಕ್ಕಿಂತ ಕೆಲವು ತಿಂಗಳು ಉದ್ದ ಸಿಗುವುದರಿಂದ ಒಂದೂವರೆ ವರ್ಷದ್ದು, ಅಂದರೆ 1,164 ಪೌಂಡ್ ಆಗುತ್ತದೆ. ಎರಡೂ ಸೇರಿ ಎರಡು ಲಕ್ಷ ರೂಪಾಯಿ. ಅದನ್ನು ಅದೇ ಖಾತೆಯಿಂದ, 28 ದಿನ ತುಂಬುವ ಮೊದಲೇ ಕಟ್ಟಿಬಿಡುತ್ತಾರೆ! ಬ್ಯಾಲೆನ್ಸ್ ಇಳಿಯಿತು, ಮುಗಿಯಿತು. ಇದಕ್ಕೆ ಬೇರೆ ಖಾತೆ ಇಟ್ಟುಕೊಳ್ಳಿ. ಈ ದರಗಳು ಆಗಾಗ ಏರುತ್ತವೆ. ಕಟ್ಟುವ ಮೊದಲು ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಯಾರ ಖಾತೆ? ಇದು ನಿಮ್ಮ ಮುಖ್ಯ ಪ್ರಶ್ನೆ. ನಮ್ಮ ಕಡೆ ಸೋದರಮಾವ ಅಂದರೆ ತಂದೆಗೆ ಸಮ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ಒಂದು ತೂಕ ಜಾಸ್ತಿಯೇ. ಸೊಸೆಯನ್ನು ಓದಿಸುತ್ತೇನೆ ಅಂತ ಮಾವ ಹೇಳುವುದು ನಮಗೆ ಸಹಜ. ಆದರೆ ಬ್ರಿಟನ್ನಿನ ನಿಯಮಕ್ಕೆ ಈ ಸಂಬಂಧ ಗೊತ್ತಿಲ್ಲ. ವಿದ್ಯಾರ್ಥಿಯ ಸ್ವಂತ ಖಾತೆ, ತಂದೆ-ತಾಯಿ ಅಥವಾ ಕಾನೂನು ಪ್ರಕಾರದ ಪೋಷಕರ ಖಾತೆ, ಮದುವೆಯಾಗಿದ್ದರೆ ಸಂಗಾತಿಯ ಖಾತೆ – ಇಷ್ಟೇ. ಮಾವ, ಚಿಕ್ಕಪ್ಪ, ಅಣ್ಣ, ಅಜ್ಜ ಯಾರದ್ದೂ ನಡೆಯುವುದಿಲ್ಲ. ಮಾವ ಎಷ್ಟು ಕೋಟಿ ತೋರಿಸಿದರೂ ಅಷ್ಟೇ, ಎಂಥ ಅಫಿಡವಿಟ್ ಕೊಟ್ಟರೂ ಅಷ್ಟೇ. ಇದು ಗೊತ್ತಿಲ್ಲದೆ ಮಾವನ ಸ್ಟೇಟ್‌ಮೆಂಟ್ ಇಟ್ಟು ರಿಜೆಕ್ಟ್ ಆದವರನ್ನು ನೋಡಿದ್ದೇನೆ. ಕಣ್ಣೀರು ಬರುತ್ತದೆ, ಯಾಕೆಂದರೆ ದುಡ್ಡು ನಿಜವಾಗಿಯೂ ಇತ್ತು.

ದಾರಿ ಇದೆ. ಅಣ್ಣ ಆ 15 ಲಕ್ಷವನ್ನು ನಿಮ್ಮ ಖಾತೆಗೋ ಮಗಳ ಖಾತೆಗೋ ಬ್ಯಾಂಕ್ ಮೂಲಕವೇ ಕಳಿಸಲಿ. ಪ್ರೀತಿಯಿಂದ ಕೊಟ್ಟದ್ದು, ವಾಪಸ್ ಕೇಳುವುದಿಲ್ಲ ಅಂತ ಒಂದು ಕಾಗದ ಬರೆದು ಸಹಿ ಹಾಕಲಿ. ಅಣ್ಣ ತಂಗಿಗೆ, ಸೋದರಮಾವ ಸೊಸೆಗೆ ಕೊಡುವ ಉಡುಗೊರೆಗೆ ನಮ್ಮಲ್ಲಿ ಆದಾಯ ತೆರಿಗೆ ಬೀಳುವುದಿಲ್ಲ. ದುಡ್ಡು ಬಂದ ದಿನದಿಂದ 28 ಎಣಿಸಿ. ಒಂದು ಮಾತು ಮಾತ್ರ ಮನೆಯಲ್ಲಿ ಕೂತು ಬಾಯಿಬಿಟ್ಟು ಕೇಳಿ: ಇದು ಕೊಟ್ಟದ್ದಾ, ಸಾಲವಾ? ಮುಂದೆ ತೀರಿಸಬೇಕಾದ ದುಡ್ಡಾದರೆ ಉಡುಗೊರೆ ಅಂತ ಬರೆಯಬೇಡಿ. ಆಗ ಬ್ಯಾಂಕ್ ಸಾಲವೇ ಮೇಲು. ಸಂಬಂಧವೂ ಉಳಿಯುತ್ತದೆ.

ಸೊಸೈಟಿಯ ಡಿಪಾಸಿಟ್ ಇನ್ನೊಂದು ತೊಡಕು. ನಮ್ಮ ಎರಡು ಜಿಲ್ಲೆಗಳಲ್ಲಿ ಸೊಸೈಟಿ ಇಲ್ಲದ ಊರಿಲ್ಲ. ಬಡ್ಡಿ ಸ್ವಲ್ಪ ಜಾಸ್ತಿ, ಮ್ಯಾನೇಜರ್ ಗುರುತಿನವರು. ನಾನು ಅವುಗಳನ್ನು ಕೆಟ್ಟದು ಅನ್ನುತ್ತಿಲ್ಲ. ಆದರೆ ದುಡ್ಡು ಇರುವ ಸಂಸ್ಥೆ ಆ ದೇಶದ ಹಣಕಾಸು ನಿಯಂತ್ರಕರ ಕೆಳಗೆ ಇರಬೇಕು, ಲೆಕ್ಕ ಕಂಪ್ಯೂಟರಿನಲ್ಲಿರಬೇಕು, ಅಧಿಕಾರಿ ವಿಚಾರಿಸಿದರೆ ಸರಿಯಾದ ಉತ್ತರ ಸಿಗಬೇಕು ಅಂತ ಬ್ರಿಟನ್ ಕೇಳುತ್ತದೆ. ಪತ್ತಿನ ಸಹಕಾರಿ ಸಂಘಗಳು ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ, ಸಹಕಾರ ಸಂಘಗಳ ನಿಬಂಧಕರ ಕೆಳಗೆ ಬರುತ್ತವೆ. ಆ ಸರ್ಟಿಫಿಕೇಟ್ ಇಟ್ಟು ಅದೃಷ್ಟ ಪರೀಕ್ಷೆ ಮಾಡಬೇಡಿ. ಡಿಪಾಸಿಟ್ ಮುರಿದು ಯಜಮಾನರ ಹೆಸರಿನ ದೊಡ್ಡ ಬ್ಯಾಂಕಿನ ಖಾತೆಗೆ ಹಾಕಿ. ಬಡ್ಡಿ ಸ್ವಲ್ಪ ಹೋಗುತ್ತದೆ, ಹೋಗಲಿ. ದೊಡ್ಡ ಮೊತ್ತ ಆದ್ದರಿಂದ ಕೆಲವು ಸೊಸೈಟಿಗಳು ಎರಡು-ಮೂರು ವಾರ ಎಳೆಯುತ್ತವೆ. ಅದಕ್ಕೇ ಮೊದಲು ಈ ಕೆಲಸ.

ಬಂಗಾರ, ಎಲ್‌ಐಸಿ ಪಾಲಿಸಿ, ಶೇರು, ಜಾಗದ ವ್ಯಾಲ್ಯುವೇಶನ್ – ಇವು ಯಾವುವೂ ಬ್ರಿಟನ್ನಿನ ಲೆಕ್ಕಕ್ಕೆ ಬರುವುದಿಲ್ಲ. ವ್ಯಾಲ್ಯುವೇಶನ್ ರಿಪೋರ್ಟಿಗೆ ಸುಮ್ನೆ ಸಾವಿರಾರು ರೂಪಾಯಿ ಕೊಡಬೇಡಿ.

ಈಗ ಏಜೆಂಟರ 30 ಲಕ್ಷದ ಮಾತು. ಮೂರು ವರ್ಷದ ಹಿಂದೆ ಸುರತ್ಕಲ್ ಕಡೆಯ ಒಬ್ಬ ಹುಡುಗ ರಿಜೆಕ್ಟ್ ಆದ ಫೈಲು ಹಿಡಿದುಕೊಂಡು ನನ್ನ ಹತ್ತಿರ ಬಂದ. ಸ್ಟೇಟ್‌ಮೆಂಟ್ ಬಿಡಿಸಿದೆ. ಪೆಟ್ರೋಲ್ 200. ಮೊಬೈಲ್ ರೀಚಾರ್ಜ್ 299. ಜ್ಯೂಸ್ ಅಂಗಡಿಗೆ ಯುಪಿಐ 90. ಬಾಕಿ 6,412. ಮರುದಿನ ಒಂದೇ ಗೆರೆಯಲ್ಲಿ 24,50,000 ಜಮೆ. ಆಮೇಲೆ 28 ದಿನ ಆ ಖಾತೆಯಲ್ಲಿ ಒಂದು ಚಹದ ಲೆಕ್ಕವೂ ಇಲ್ಲ, ಯಾಕೆಂದರೆ ಎಟಿಎಂ ಕಾರ್ಡು, ಸಹಿ ಹಾಕಿದ ಚೆಕ್ಕು ಎಲ್ಲವೂ ದುಡ್ಡು ಕೊಟ್ಟವರ ಹತ್ತಿರ ಇತ್ತು. ವೀಡಿಯೊ ಇಂಟರ್‌ವ್ಯೂನಲ್ಲಿ ಕೇಳಿದರಂತೆ, "ಈ ಹಣ ಯಾರದ್ದು? ಅವರು ನಿಮಗೆ ಏನಾಗಬೇಕು?" ಹುಡುಗನಿಗೆ ಆ ಮನುಷ್ಯನ ಹೆಸರೇ ಗೊತ್ತಿರಲಿಲ್ಲ. "ಫ್ಯಾಮಿಲಿ ಫ್ರೆಂಡ್" ಅಂದಿದ್ದ. ಅದು ಹೇಳುವಾಗ ನನ್ನ ಎದುರೂ ಅವನು ತಲೆ ಎತ್ತಲಿಲ್ಲ. ಒಳ್ಳೆಯ ಮಾರ್ಕಿನ ಹುಡುಗ. ಅಪ್ಪ ಬೋಟಿಗೆ ಹೋಗುವವರು. ಯಾರಾದರೂ ಮೊದಲೇ ಕೂರಿಸಿ ಹೇಳಿದ್ದರೆ ಸಾಲದ ದಾರಿಯಲ್ಲಿ ಹೋಗುತ್ತಿದ್ದ.

ಒಂದು ವೇಳೆ ಇಂಥ ಫೈಲು ಪಾಸಾಯಿತು ಅಂತಲೇ ಇಟ್ಟುಕೊಳ್ಳಿ. 29ನೇ ದಿನ ದುಡ್ಡು ವಾಪಸ್ ಹೋಗುತ್ತದೆ. ಮಗಳು ಅಲ್ಲಿ ಇಳಿಯುವಾಗ ಕೈಯಲ್ಲಿ ಏನಿರುತ್ತದೆ? ಪಾರ್ಟ್ ಟೈಮ್ ಮಾಡಿ ಫೀಸು ಕಟ್ಟಬಹುದು ಅನ್ನುತ್ತಾರೆ. ಡಿಗ್ರಿ ಓದುವವರಿಗೆ ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡಲು ಬಿಡುವುದಿಲ್ಲ. ಅದರಲ್ಲಿ ದಿನಸಿ, ಬಸ್ಸು ನಡೆಯಬಹುದು. 13,500 ಪೌಂಡ್ ಫೀಸು ಏಳುವುದಿಲ್ಲ.

ಜಾಸ್ತಿ ಇಡಬೇಕಾದದ್ದು, ವೀಸಾ ಖರ್ಚು ಎಲ್ಲ ಸೇರಿ ಕಡಿಮೆ ಬೀಳುವ ಮೂರು-ನಾಲ್ಕು ಲಕ್ಷಕ್ಕೆ, ಅಥವಾ ಅಣ್ಣನ ದುಡ್ಡು ಬೇಡವೆಂದಾದರೆ ದೊಡ್ಡ ಮೊತ್ತಕ್ಕೇ, ಶಿಕ್ಷಣ ಸಾಲ ತೆಗೆಯಬಹುದು. ಸಾಲದ ದುಡ್ಡಿಗೆ 28 ದಿನ ಕಾಯಬೇಕಾಗಿಲ್ಲ, ಅದು ದೊಡ್ಡ ಅನುಕೂಲ. ಆದರೆ ಬ್ಯಾಂಕಿನ ಪತ್ರವನ್ನು ನೀವೇ ಓದಿ. ಸಾಲ ಮಗಳ ಹೆಸರಿನಲ್ಲಿರಬೇಕು. ಪತ್ರದ ದಿನಾಂಕ 6 ತಿಂಗಳೊಳಗಿನದ್ದಾಗಿರಬೇಕು. ವೀಸಾ ಸಿಗಬೇಕು ಅನ್ನುವುದು ಬಿಟ್ಟು ಬೇರೆ ಷರತ್ತು ಇರಬಾರದು. ನಮ್ಮ ಬ್ಯಾಂಕುಗಳ ಪತ್ರದ ಕೊನೆಯಲ್ಲಿ "ಅಡಮಾನ ನೋಂದಣಿ ಪೂರ್ಣವಾದ ಮೇಲೆ" ಅಂತ ಒಂದು ಸಾಲು ಇರುತ್ತದೆ. ಆ ಒಂದು ಸಾಲಿಗೇ ವೀಸಾ ಹೋಗಬಹುದು. ಅಡಮಾನ ಮುಗಿಸಿ, ಆ ಸಾಲು ತೆಗೆಸಿದ ಪತ್ರವನ್ನೇ ಕೇಳಿ ಪಡೆಯಿರಿ.

ಅಡಮಾನ ಅಂದಾಗ ನಮ್ಮ ಊರಿನ ಜಾಗದ ಕಥೆ ಶುರುವಾಗುತ್ತದೆ. ತೋಟ ಮೂರು ಎಕ್ರೆ ಅಂತ ಹೇಳಿ, ಪಹಣಿ ತೆಗೆದರೆ ಒಂದೂವರೆ. ಉಳಿದದ್ದು ಕುಮ್ಕಿ, ಅಂದರೆ ಪಕ್ಕದ ತೋಟದವರು ಅನುಭವಿಸಬಹುದಾದ ಸರ್ಕಾರಿ ಜಾಗ. ಕುಮ್ಕಿಯನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಿಕ್ಷಣ ಸಾಲಕ್ಕೆ ಕೃಷಿ ಜಾಗವನ್ನೇ ಬೇಡ ಅನ್ನುವ ಬ್ಯಾಂಕುಗಳು ಜಾಸ್ತಿ. ಕನ್ವರ್ಷನ್ ಆದ ಮನೆ ಜಾಗ ಕೇಳುತ್ತವೆ. ಕುಟುಂಬದ ಜಾಗವಾದರೆ ಪಾಲುದಾರರೆಲ್ಲರ ಸಹಿ ಬೇಕು, ಒಬ್ಬರು ಮುಂಬೈ, ಒಬ್ಬರು ಮಸ್ಕತ್. ಈ ಕಾರಣಕ್ಕೆ ಸಾಲದ ಕೆಲಸಕ್ಕೆ ಎರಡು ತಿಂಗಳಾದರೂ ಇಟ್ಟುಕೊಳ್ಳಿ ಅನ್ನುತ್ತೇನೆ. ತೀರಿಸುವ ಲೆಕ್ಕವನ್ನೂ ಈಗಲೇ ಹಾಕಿ. 25 ಲಕ್ಷಕ್ಕೆ ಹತ್ತೂವರೆ ಪರ್ಸೆಂಟ್ ಬಡ್ಡಿಯಲ್ಲಿ 10 ವರ್ಷದ ಕಂತು ತಿಂಗಳಿಗೆ ಸುಮಾರು 33,700 ರೂಪಾಯಿ. ಓದುವ ಕಾಲದ ಬಡ್ಡಿ ಬೇರೆ. ಓದಿದ ಮೇಲೆ ಕೆಲಸ ಹುಡುಕಲು ಸಿಗುವ ಗ್ರಾಜುಯೇಟ್ ವೀಸಾ ಈಗ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಈ ಎರಡು ಸಂಖ್ಯೆಗಳನ್ನು ಮಗಳ ಎದುರು ಇಟ್ಟು ಮಾತಾಡಿ. ಅವಳು ಕೆಲಸ ಮಾಡಿದವಳು, ಸಂಬಳದ ಬೆಲೆ ಗೊತ್ತಿದೆ.

ಸಣ್ಣ ವಿಷಯಗಳು ಕೆಲವು. ನಿಮ್ಮ ಅಥವಾ ಯಜಮಾನರ ಖಾತೆ ತೋರಿಸುವಾಗ ಮಗಳ ಜನನ ಪ್ರಮಾಣಪತ್ರ ಬೇಕು, ಈ ಹಣ ಅವಳ ಓದಿಗೆ ಎಂದು ನಿಮ್ಮ ಒಪ್ಪಿಗೆ ಪತ್ರವೂ ಬೇಕು. ಹೆಸರು ತಾಳೆ ನೋಡಿ. ಜನನ ಪತ್ರದಲ್ಲಿ ಬರೀ 'ಸಂಜೀವ', ಬ್ಯಾಂಕಿನಲ್ಲಿ ಮನೆತನದ ಹೆಸರೂ ಇನಿಶಿಯಲ್ಲೂ ಸೇರಿದ 'ಸಂಜೀವ' – ನಮಗೆ ಒಬ್ಬರೇ, ಅವರಿಗೆ ಇಬ್ಬರು. ಒಂದು ಅಫಿಡವಿಟ್ ಮಾಡಿಸಿಡಿ. ಪತ್ರ ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಇರಲಿ. ಕ್ಷಯದ ಪರೀಕ್ಷೆಯನ್ನು ಬ್ರಿಟನ್ ಒಪ್ಪಿದ ಕ್ಲಿನಿಕ್ಕಿನಲ್ಲೇ ಮಾಡಿಸಬೇಕು, ಊರಿನ ಆಸ್ಪತ್ರೆಯ ಎಕ್ಸ್‌ರೇ ನಡೆಯುವುದಿಲ್ಲ. ಬೆಂಗಳೂರಿಗೆ ಹೋಗಿ ಮಾಡಿಸಬಹುದು. ಬೆರಳಚ್ಚಿಗೂ ಬೆಂಗಳೂರಿಗೇ ಹೋಗುವುದಾದರೆ ದಿನ ಹೊಂದಿಸಿಕೊಳ್ಳಿ, ಎರಡು ಸಲ ಘಟ್ಟ ಹತ್ತುವುದು ಬೇಡ.

ಇಂಟರ್‌ವ್ಯೂಗೆ ಕರೆದರೆ ಹೆದರಬೇಕಾಗಿಲ್ಲ. ಈ ಕೋರ್ಸು ಯಾಕೆ, ಈ ಯೂನಿವರ್ಸಿಟಿ ಯಾಕೆ, ಇಲ್ಲೇ ಯಾಕೆ ಓದಬಾರದು, ಖರ್ಚು ಯಾರು ನೋಡಿಕೊಳ್ಳುತ್ತಾರೆ – ಇವನ್ನೇ ಕೇಳುತ್ತಾರೆ. ಉರು ಹೊಡೆದ ಉತ್ತರ ತಕ್ಷಣ ಗೊತ್ತಾಗುತ್ತದೆ. ಅವಳು ಆಫೀಸಿನಲ್ಲಿ ಎರಡು ವರ್ಷ ಏನು ಕೆಲಸ ಮಾಡಿದಳು, ಅಲ್ಲಿ ತನಗೆ ಯಾವುದು ಬರಲಿಲ್ಲ, ಈ ಕೋರ್ಸಿನ ಯಾವ ವಿಷಯ ಅದನ್ನು ಕಲಿಸುತ್ತದೆ ಅಂತ ತನ್ನದೇ ಇಂಗ್ಲಿಷಿನಲ್ಲಿ ಹೇಳಲಿ. ಮಂಗಳೂರು ಇಂಗ್ಲಿಷ್ ಆದರೂ ಪರವಾಗಿಲ್ಲ. ಮಾವ ಕೊಟ್ಟ ದುಡ್ಡಿನ ಬಗ್ಗೆ ಕೇಳಿದರೆ ಮಾವ ಕೊಟ್ಟದ್ದು ಅಂತಲೇ ಹೇಳಲಿ.

ಇಷ್ಟು ಮಾಡಿಯೂ ರಿಜೆಕ್ಟ್ ಆದರೆ? ವೀಸಾ ಫೀಸು ಹೋಯಿತು, ಸರ್‌ಚಾರ್ಜ್ ವಾಪಸ್ ಬರುತ್ತದೆ. ಅಧಿಕಾರಿಯದ್ದೇ ತಪ್ಪು ಅಂತ ಕಂಡರೆ 28 ದಿನದೊಳಗೆ ಮರುಪರಿಶೀಲನೆ ಕೇಳಬಹುದು, ಅದಕ್ಕೆ 80 ಪೌಂಡ್. ಹೊಸ ಕಾಗದ ಅಲ್ಲಿ ಸೇರಿಸಲು ಆಗುವುದಿಲ್ಲ. ನಮ್ಮದೇ ತಪ್ಪಾದರೆ ಸರಿಮಾಡಿಕೊಂಡು ಹೊಸ ಅರ್ಜಿ. ಸೆಪ್ಟೆಂಬರಿಗೆ ಹೊಂದುವುದಿಲ್ಲ ಅಂತ ಈಗಲೇ ಅನ್ನಿಸಿದರೆ, ಜನವರಿ ಬ್ಯಾಚಿಗೆ ಹಾಕಿಕೊಡಲು ಆಗುತ್ತದಾ ಅಂತ ಯೂನಿವರ್ಸಿಟಿಗೆ ಒಂದು ಇಮೇಲ್ ಬರೆಯಿರಿ. ತುಂಬ ಕೋರ್ಸುಗಳಿಗೆ ಆ ಅವಕಾಶ ಇರುತ್ತದೆ. ನಾಲ್ಕು ತಿಂಗಳು ತಡವಾದರೆ ಏನೂ ಹೋಗುವುದಿಲ್ಲ.

ಈ ವಾರ ಮಾಡಬೇಕಾದದ್ದು ಇಷ್ಟು. ಯಜಮಾನರು ಸೊಸೈಟಿಗೆ ಹೋಗಿ ಡಿಪಾಸಿಟ್ ಮುರಿಯುವ ಅರ್ಜಿ ಕೊಡಲಿ. ನೀವು ಅಣ್ಣನಿಗೆ ಫೋನ್ ಮಾಡಿ. ಮಗಳು ವೀಸಾ ಅರ್ಜಿಯ ಅಕೌಂಟನ್ನು ತನ್ನದೇ ಇಮೇಲಿನಲ್ಲಿ, ತನ್ನದೇ ಪಾಸ್‌ವರ್ಡಿನಲ್ಲಿ ತೆರೆಯಲಿ. ಏಜೆಂಟರು ತುಂಬಿದರೂ ಪ್ರತಿ ಪುಟ ಅವಳೇ ಓದಿ ಸಬ್‌ಮಿಟ್ ಒತ್ತಲಿ. ಕೆನಡಾದ ಪ್ರಶ್ನೆ ಬಂದಲ್ಲಿ 'ಹೌದು' ಅಂತ ಹಾಕಿ, ಕೆಳಗಿನ ಜಾಗದಲ್ಲಿ ಮೂರು ಸಾಲು ಬರೆದರೆ ಸಾಕು: ಯಾವ ತಿಂಗಳು ಅರ್ಜಿ ಹಾಕಿದೆ, ಯಾವ ಕಾರಣ ಕೊಟ್ಟು ನಿರಾಕರಿಸಿದರು, ಈಗ ಆ ಕಾರಣಕ್ಕೆ ನನ್ನ ಹತ್ತಿರ ಯಾವ ದಾಖಲೆ ಇದೆ. ಆ ಮೂರು ಸಾಲು ಬರೆದ ಮೇಲೆ ನನಗೆ ಕಳಿಸಿ, ನೋಡಿ ಹೇಳುತ್ತೇನೆ.